ಬೆರಳಗಲದ ಸಂದು

ಬಡಿಗ ಅಹ್ಮದಸಾಬ ಬಾಚಿಯ ಹಿಂಬದಿಯಿಂದ ಕಂಬಕ್ಕೆ ಒಂದು ಪೆಟ್ಟು ಕೊಟ್ಟು ಕಿವಿ ಹಚ್ಚಿ ಕೇಳಿದ. ಬುಡದ ಕಡೆ ಸರಿದು ಇನ್ನೊಂದು ಪೆಟ್ಟು ಕೊಟ್ಟ. ಆಮೇಲೆ ಎದ್ದು ನಿಂತು, ಆ ಕಂಬವನ್ನು ಕಾಲಿನಿಂದ ಗೋಡೆಯ ಕಡೆಗೆ ಉರುಳಿಸಿಬಿಟ್ಟ.

"ಅದಕ್ಕೇನಾಗೈತಲೇ?" ಬಾಬಣ್ಣ ರೇಗಿದ. "ಬಂಡ್ಯಾಗಿಂದ ಇಳಸೂವಾಗ ನನ್ನ ಹೆಗಲು ಮುರದೈತಿ. ಅಷ್ಟು ಗಟ್ಟಿ ಐತಿ."

"ಹೆಗಲು ಮುರಿಯೂದು ತೂಕಲೇ, ಗಟ್ಟಿ ಅಲ್ಲ. ಹಸಿ ಕಟಗಿ ಇದು. ಒಳಗ ನೀರೈತಿ. ಎರಡು ಬ್ಯಾಸಗಿ ಹೋದ ಮ್ಯಾಲ ಸೊಟ್ಟ ತಿರುಗಿ ನಿಂದರತೈತಿ, ನಿನ್ನಂಗ."

"ಐದರಾಗ ಮೂರು ಒಗದಿ. ಉಳಿದಿದ್ದು ಎರಡು. ನಿಲ್ಲಸಬೇಕಾದ್ದು ಮೂರು. ಮೂರನೇ ಕಂಬದ ಬದಲಿ ನೀ ನಿಂದರತೀಯೇನು?"

ಇಳಕಲ್ಲಿನ ನೇಕಾರ ಓಣಿಯಲ್ಲಿ ಬಾಬಣ್ಣನ ಮನೆಯ ಹಿತ್ತಲು ಅದು. ಬಾಬಣ್ಣನ ಮಗ ಮುತ್ತಪ್ಪ ಬಾಗಲಕೋಟೆಯ ಠೇಶನ್ನಿಗೆ ರೈಲಿನಲ್ಲಿ ಬರುವ ಪುಡಿಬಣ್ಣ ತರಿಸಿ ಮನೆಯಲ್ಲೇ ನೂಲಿಗೆ ಬಣ್ಣ ಹಾಕಲು ಶುರು ಮಾಡಿದ್ದ. ಹಸಿ ನೂಲನ್ನು ಮಾಳಿಗೆಯ ಮೇಲೆ ಹರವಿದರೆ ಮಣ್ಣಿನ ಮಾಳಿಗೆ ನೀರು ಕುಡಿದು ಸೋರುತ್ತಿತ್ತು, ನೂಲಿಗೂ ಮಣ್ಣು ಮೆತ್ತುತ್ತಿತ್ತು. ಅಂಗಳದಲ್ಲಿ ಹಾಕಿದರೆ ಕೋಳಿ, ಆಡು, ಧೂಳು. ಅದಕ್ಕಾಗಿ ಹಿತ್ತಲಲ್ಲಿ ಆಳೆತ್ತರಕ್ಕಿಂತ ಮೇಲೆ ಒಂದು ಹಲಗೆಯ ಅಟ್ಟ ಆಗಬೇಕಾಗಿತ್ತು. ಅಟ್ಟದ ಹಿಂದಿನ ಅಂಚು ಮನೆಯ ಗೋಡೆಯ ಮೇಲೆ ಕೂರುತ್ತದೆ. ಮುಂದಿನ ಅಂಚಿಗೆ ಒಂದು ಉದ್ದನೆಯ ತೊಲೆ, ಆ ತೊಲೆಗೆ ಎರಡು ತುದಿಯಲ್ಲಿ ಎರಡು ಕಂಬ, ನಟ್ಟ ನಡುವೆ ಒಂದು. ಮೇಲೆ ಬಿಸಿಲಿಗೆ ನೂಲು, ನೂಲಿನ ನಡುವೆ ಕೂತು ಕೆಲಸ ಮಾಡುವ ಹೆಂಗಸರು. ಕೆಳಗೆ ನೆರಳಿನಲ್ಲಿ ಬಣ್ಣದ ಹಂಡೆಗಳು. ಹಸಿ ನೂಲು ಎಷ್ಟು ಭಾರ ಎಂಬುದು ನೇಕಾರರಿಗಿಂತ ಚೆನ್ನಾಗಿ ಅಹ್ಮದಸಾಬನಿಗೆ ಗೊತ್ತಿತ್ತು. ಅದಕ್ಕಾಗಿಯೇ ಅವನು ನಡುವಿನ ಕಂಬಕ್ಕೆ ಅಷ್ಟು ತಕರಾರು ಮಾಡುತ್ತಿದ್ದ.

"ಇಳಕಲ್ಲಾಗ ಇದ್ದಕೊಂಡು ಕಲ್ಲಿನ ಕಂಬ ಹಾಕಸೂದು ಬಿಟ್ಟು ನಿನ್ನ ಕಟಗಿ ಹಿಂದ ಬಿದ್ನೆಲ್ಲ, ನಂದ ತಪ್ಪು" ಎಂದ ಬಾಬಣ್ಣ.

"ಹಾಕಸು, ಯಾರು ಬ್ಯಾಡಂದಾರ? ಕಲ್ಲು ಸೀಳೂತನಕ ಸುಮ್ಮ ಇರತೈತಿ, ಸೀಳಿದ ಮ್ಯಾಲ ಗೊತ್ತಾಗತೈತಿ. ಕಟಗಿ ಹಂಗಲ್ಲ. ಬೀಳೂದಕ್ಕ ನಾಕು ದಿನ ಮೊದಲ ಕಿರಗುಟ್ಟಿ ಹೇಳತೈತಿ, ಕೆಳಗಿದ್ದವರು ಸರೀರಿ ಅಂತ. ಕೇಳೂ ಕಿವಿ ಇರಬೇಕಷ್ಟ."

ನಡುವಿನ ಕಂಬ ಅವನ ಮನಸ್ಸಿನಲ್ಲಿ ಆಗಲೇ ಇತ್ತು. ಬೇವೂರಿನಲ್ಲಿ ಹಳೆಯ ಮನೆಯೊಂದನ್ನು ಕೆಡವಿದ್ದರು. ಅದರ ಅಡುಗೆಮನೆಯ ಬೇವಿನ ಕಂಬ ನಲವತ್ತು ವರ್ಷ ಒಲೆಯ ಹೊಗೆ ಕುಡಿದು ರೊಟ್ಟಿಯ ಹೆಂಚಿನ ಹಾಗೆ ಕಪ್ಪಾಗಿತ್ತು. ನೋಡಲು ಕುರೂಪಿ. ಆದರೆ ಹೊಗೆ ಕುಡಿದ ಕಟ್ಟಿಗೆಗೆ ಗೆದ್ದಲು ಬಾಯಿ ಹಾಕುವುದಿಲ್ಲ, ಸೊಟ್ಟಾಗುವುದಿದ್ದರೆ ಅದು ಎಂದೋ ಆಗಿ ಮುಗಿದಿರುತ್ತದೆ. ಪೆಟ್ಟು ಕೊಟ್ಟರೆ ಗಂಟೆಯ ಹಾಗೆ ಅನ್ನುತ್ತಿತ್ತು ಅದು.

"ಅಹ್ಮದಣ್ಣ, ಆ ಮೂಲ್ಯಾಗ ಇನ್ನೊಂದು ಐತಿ ನೋಡ್ರಿ."

ಬಾಬಣ್ಣನ ಹೆಂಡತಿ ಯಮನವ್ವ ಹಿತ್ತಲ ಬಾಗಿಲಲ್ಲಿ ನಿಂತಿದ್ದಳು. ಯಾವಾಗಿನಿಂದ ನಿಂತಿದ್ದಳೋ. ಅವಳು ತೋರಿಸಿದ ಮೂಲೆಯಲ್ಲಿ, ಹಳೆಯ ಸೀರೆಯ ತುಂಡು ಸುತ್ತಿದ ಒಂದು ಕಂಬ ಗೋಡೆಗೆ ಆನಿಕೊಂಡಿತ್ತು. ಬಾಬಣ್ಣ ಥಟ್ಟನೆ ಮುಖ ತಿರುಗಿಸಿ, ಬೇಡವೆಂದು ಎಸೆದಿದ್ದ ಕಂಬಗಳನ್ನು ಸುಮ್ಮನೆ ಜೋಡಿಸತೊಡಗಿದ.

ಅದು ಅವರ ಮಗಳು ರತ್ನಾಳ ಮದುವೆಯ ಹಾಲಗಂಬ. ಮದುವೆಯ ಹಂದರಕ್ಕೆ ಎಲ್ಲಕ್ಕಿಂತ ಮೊದಲು ನೆಡುವ ಕಂಬ ಹಾಲು ಒಸರುವ ಮರದ್ದೇ ಆಗಬೇಕು. ಮುತ್ತಪ್ಪನೇ ತಂಗಿಗಾಗಿ ಹಳ್ಳದ ದಂಡೆಯ ಅತ್ತಿಮರದಿಂದ ಕಡಿದು ಹೊತ್ತುಕೊಂಡು ಬಂದಿದ್ದ, ತೊಡೆ ಗಾತ್ರದ್ದು, ನೆಟ್ಟಗೆ ಬೆಳೆದದ್ದು. ವರ್ಷದೊಳಗೆ ಅದನ್ನು ಹಳ್ಳಕ್ಕೆ ಬಿಡುವುದು ಆ ಮನೆಯ ವಾಡಿಕೆ. ಆದರೆ ಕೆರೂರಿಗೆ ಕೊಟ್ಟಿದ್ದ ರತ್ನಾ ಮದುವೆಯಾದ ಒಂಬತ್ತು ತಿಂಗಳಿಗೆ ಹೆರಿಗೆಗೆಂದು ತವರಿಗೆ ಬಂದವಳು ಇದೇ ಮನೆಯಲ್ಲಿ ತೀರಿಕೊಂಡಳು. ಕೂಸೂ ಉಳಿಯಲಿಲ್ಲ. ಆಮೇಲೆ ಬಾಬಣ್ಣ ಹಳ್ಳಕ್ಕೆ ಒಯ್ಯಲೆಂದು ಎರಡು ಸಲ ಕಂಬವನ್ನು ಹೆಗಲ ಮೇಲೆ ಇಟ್ಟುಕೊಂಡಿದ್ದ. ಎರಡು ಸಲವೂ ಯಮನವ್ವ ಬಾಗಿಲಿಗೆ ಅಡ್ಡ ನಿಂತಿದ್ದಳು.

"ನಡುವ ಅದನ್ನ ನಿಲ್ಲಸ್ರಿ" ಎಂದಳು.

ಅಹ್ಮದಸಾಬ ಬಾಚಿಯನ್ನು ಕೆಳಗಿಟ್ಟ. "ತಂಗೆವ್ವಾ, ಅದು ಅತ್ತಿ. ಹಂದರದ ತೆಂಗಿನ ಗರಿ ಹೊತ್ತಿದ್ದ ಅದಕ್ಕ ಹೆಚ್ಚಾತು. ಉಗುರು ಹಾಕಿದ್ರ ಇಳೀತೈತಿ."

"ದಿನಾ ಎಣ್ಣಿ ಸವರೀನಿ. ಒಂದು ಹುಳ ಮುಟ್ಟಿಲ್ಲ."

"ಹುಳದ ಮಾತಲ್ಲವ್ವಾ ಇದು. ಬೇಕಾದ್ರ ಬಾಗಲ ಮುಂದ ನಿಲ್ಲಸೋಣು, ದೀಪಾ ಹಚ್ಚಾಕ ಒಂದು ಗೂಡು ಕೊರದು ಕೊಡ್ತೇನಿ."

"ದೀಪಾ ಹಚ್ಚಿ ಕುಂದರಸಾಕ ಅಕಿ ಏನು ದೇವ್ರಾಗ್ಯಾಳೇನ್ರಿ?" ಯಮನವ್ವನ ದನಿ ಏರಲಿಲ್ಲ. "ಸುಮ್ಮ ಕುಂದರಾಕಿ ಅಲ್ಲ ಅಕಿ. ಮಗ್ಗಕ್ಕ ಕುಂತ್ರ ಇಬ್ಬರ ಕೆಲಸಾ ಮಾಡತಿದ್ಳು. ಈ ಮನ್ಯಾಗ ಅಕೀ ಹೆಸರಿಲೆ ಏನರ ಒಂದು ಭಾರ ಹೊರಲಿ."

ಅಹ್ಮದಸಾಬ ಬಾಬಣ್ಣನ ಕಡೆ ನೋಡಿದ. ಬಾಬಣ್ಣ ಜೋಡಿಸಿದ ಕಂಬಗಳನ್ನೇ ಮತ್ತೆ ಜೋಡಿಸುತ್ತಿದ್ದ.

"ನಾಳೆ ನೋಡೋಣು" ಎಂದು ಹೇಳಿ ಅಹ್ಮದಸಾಬ ಹೊರಟುಬಂದ.

ಊಟಕ್ಕೆ ಕೂತಾಗ ಹೆಂಡತಿ ಮಕ್ತುಮಬಿಗೆ ಎಲ್ಲ ಹೇಳಿದ. ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸದೆ ಹೇಳಿದಳು: "ಆಗೂದಿಲ್ಲ ಅಂತ ಹೇಳಿ ಬಿಡ್ರಿ. ಒಂದಿನ ಅಳತಾಳ, ಮರುದಿನ ಎದ್ದು ಒಲಿ ಹಚ್ಚತಾಳ."

"ನೀ ಅಕೀ ಮುಖಾ ನೋಡಿಲ್ಲ."

"ಮುಖಾ ನೋಡಿ ಕಂಬಾ ಆರಸ್ತೀರೇನು ಈಗ?"

ಅಹ್ಮದಸಾಬ ರೊಟ್ಟಿ ಮುಗಿಸಿ ಎದ್ದ. ಕೈ ತೊಳೆದುಕೊಳ್ಳುವ ಹೊತ್ತಿಗೆ ಅವನಿಗೆ ಒಂದು ಉಪಾಯ ಹೊಳೆದಿತ್ತು. ಎಂಥ ಸರಳ ಉಪಾಯವೆಂದರೆ, ತನ್ನಷ್ಟಕ್ಕೆ ತಾನೇ ನಕ್ಕ. ಮಕ್ತುಮಬಿ ಏನೆಂದು ಕೇಳಿದಳು, ಹೇಳಲಿಲ್ಲ.

ಎಂಟು ದಿನಗಳಲ್ಲಿ ಅಟ್ಟ ನಿಂತಿತು. ಕಂಬಗಳನ್ನು ಅವನು ನೆಲದಲ್ಲಿ ಹುಗಿಯಲಿಲ್ಲ. ಗೇಣೆತ್ತರದ ಕೆಂಪು ಕಲ್ಲುಗಳನ್ನು ಕೂರಿಸಿ, ಒಂದೊಂದರ ನೆತ್ತಿಯಲ್ಲೂ ಗುಳಿ ಹೊಡೆಸಿ, ಮರ ಬೆಳೆದು ನಿಂತಿದ್ದಾಗ ಯಾವ ತುದಿ ಕೆಳಗಿತ್ತೋ ಅದೇ ತುದಿಯನ್ನು ಗುಳಿಯಲ್ಲಿ ಇಳಿಸಿದ. ಎರಡು ತುದಿಗೆ ಎರಡು ಜಾಲಿಯ ಕಂಬ. ನಡುವೆ ಬೇವೂರಿನ ಕರಿಯ ಕಂಬ. ಮೂರರ ತಲೆಗೂ ಗೂಟ ಬಿಟ್ಟು, ತೊಲೆಯಲ್ಲಿ ಅದಕ್ಕೆ ತಕ್ಕ ತೂತು ಕೊರೆದು, ಅಲುಗದ ಹಾಗೆ ಕೂರಿಸಿದ. ಕರಿಯ ಕಂಬಕ್ಕೆ ಒಂದು ಮೊಳ ದೂರದಲ್ಲಿ ನಾಲ್ಕನೆಯ ಕಲ್ಲು ಇಟ್ಟು, ಅದರ ಮೇಲೆ ಹಾಲಗಂಬವನ್ನು ನಿಲ್ಲಿಸಿದ. ಅದರ ತಲೆಯ ಮೇಲೆ ಹೂವಿನ ಕೆತ್ತನೆಯ ಒಂದು ಬೋದಿಗೆ ಕೂರಿಸಿದ. ಉಳಿದ ಯಾವ ಕಂಬಕ್ಕೂ ಕೆತ್ತನೆ ಇರಲಿಲ್ಲ.

ಅತ್ತಿಯ ಮೇಲೆ ಭಾರ ಬೀಳಬಾರದೆಂದು ಆ ಬೋದಿಗೆಗೂ ತೊಲೆಗೂ ನಡುವೆ ಅವನು ಒಂದು ಬೆರಳಗಲ ಸಂದು ಬಿಟ್ಟಿದ್ದ. ಕೆಳಗಿನಿಂದ ನೋಡಿದರೆ ಕಂಬ ತೊಲೆಯನ್ನು ಎತ್ತಿ ಹಿಡಿದ ಹಾಗೆಯೇ ಕಾಣಬೇಕು. ಆದರೆ ಏಣಿಯಿಂದ ಇಳಿದು ನಿಂತು ನೋಡಿದಾಗ ಸಂದಿನಲ್ಲಿ ಬೆಳಕು ಕಾಣಿಸಿತು. ಯಮನವ್ವ ಅರಿಷಿಣದ ಬಟ್ಟಲು ಹಿಡಿದು ಹಿತ್ತಲಿಗೆ ಬರುವ ಸಪ್ಪಳ ಕೇಳಿಸಿತು. ಕೈಗೆ ಬೇರೇನೂ ಸಿಗದೆ, ತಲೆಯ ರುಮಾಲಿನ ತುದಿ ಹರಿದು, ಸುತ್ತಿ, ಏಣಿ ಹತ್ತಿ ಸಂದಿನಲ್ಲಿ ಒತ್ತಿಬಿಟ್ಟ.

ಯಮನವ್ವ ಹಾಲಗಂಬಕ್ಕೆ ಅರಿಷಿಣ ಬಳಿದಳು. ಕುಂಕುಮ ಹಚ್ಚಿದಳು. ಆಮೇಲೆ ತಲೆಯೆತ್ತಿ ತೊಲೆಯ ಉದ್ದಕ್ಕೂ ಕಣ್ಣಾಡಿಸಿ, "ಹೊತ್ತಾಳ ಹೌದಿಲ್ರಿ, ಅಹ್ಮದಣ್ಣ?" ಎಂದು ಕೇಳಿದಳು.

"ಹೊತ್ತಾಳವ್ವಾ" ಎಂದ ಅಹ್ಮದಸಾಬ.

ಆ ಮಾತು ಬಾಯಿಂದ ಎಷ್ಟು ಹಗುರಾಗಿ ಬಂತೆಂದರೆ ಅವನಿಗೇ ಆಶ್ಚರ್ಯವಾಯಿತು. ಯಮನವ್ವನ ಮುಖದಲ್ಲಿ ಒಂದೂವರೆ ವರ್ಷದಿಂದ ಕಾಣದ ಒಂದು ನೆಮ್ಮದಿ ಕಂಡಿತು. ಅಂದು ಅವಳು ತಾನೇ ಹೂರಣ ರುಬ್ಬಿ ಹೋಳಿಗೆ ಮಾಡಿ, ಮಕ್ತುಮಬಿಗೂ ಕಟ್ಟಿಕೊಟ್ಟಳು.

ಒಂದು ತಿಂಗಳ ಮೇಲೆ ಅಹ್ಮದಸಾಬ ಮಗ್ಗದ ಹಲಗೆ ಸರಿಮಾಡಲು ಆ ಮನೆಗೆ ಹೋಗಿದ್ದಾಗ ಮುತ್ತಪ್ಪ ಹಿತ್ತಲಿಗೆ ಕರೆದ. ಮಾತು ಕಡಿಮೆ, ಕೈಕೆಲಸದಲ್ಲಿ ಸೂಕ್ಷ್ಮ, ಇಪ್ಪತ್ತೈದರ ಹುಡುಗ. ಅವನು ನೇಯ್ದ ಸೀರೆಯ ಸೆರಗು ಬೇಕೆಂದು ಹುನಗುಂದದಿಂದ ಜನ ಬರುತ್ತಿದ್ದರು.

"ಕಾಕಾ, ನಡುವ ಎರಡು ಕಂಬ ಯಾಕ ಬೇಕಾದೂವರಿ? ಮೊಳಕ್ಕೊಂದು ಕಂಬ ಯಾರ ಮನ್ಯಾಗೂ ನೋಡಿಲ್ಲ ನಾ. ಖರೇ ಅಂದ್ರ ಯಾವುದು ಹೊತ್ತೈತಿ?"

ಅಹ್ಮದಸಾಬ ಬಾಯಿ ತೆರೆದ. ಅಷ್ಟರಲ್ಲಿ ಅಟ್ಟದ ಮೇಲಿಂದ ಯಮನವ್ವನ ಬಳೆಯ ಸಪ್ಪಳ ಕೇಳಿಸಿತು. ಅವಳು ಹಲಗೆಗಳ ಮೇಲೆ ಕೂತು ನೂಲು ಬಿಡಿಸುತ್ತಿದ್ದಳು. ಹಲಗೆಯ ಸಂದಿನಿಂದ ಕೆಂಪು ನೀರಿನ ಒಂದು ಹನಿ ಅವನ ಕೈ ಮೇಲೆ ಬಿತ್ತು.

"ಎರಡೂ ಹೊತ್ತಾವಪ್ಪಾ" ಎಂದ. "ಒಂದಕ್ಕ ದಣಿವಾಗಬಾರದಂತ ಇನ್ನೊಂದು."

ಮುತ್ತಪ್ಪ ತಲೆಯಾಡಿಸಿದ. ದೊಡ್ಡವರು ಹೇಳಿದ್ದನ್ನು ಕೆದಕಿ ಕೇಳುವ ಹುಡುಗ ಅವನಲ್ಲ. ಮನೆಗೆ ಹೋಗುವಾಗ ದಾರಿಯಲ್ಲಿ ಅಹ್ಮದಸಾಬ, ಇವನನ್ನು ಒಂದಿನ ಬೇರೆ ಕರೆದು ಹೇಳಬೇಕು, ಅವನೊಬ್ಬನಿಗೆ ಗೊತ್ತಿದ್ದರೆ ಸಾಕು, ಎಂದುಕೊಂಡ. ಮರುವಾರ ಎಂದುಕೊಂಡ. ಹಬ್ಬ ಮುಗಿಯಲಿ ಎಂದುಕೊಂಡ. ಅಟ್ಟ ಗಟ್ಟಿಯಾಗಿ ನಿಂತಿತ್ತು, ಯಮನವ್ವ ಅದರ ಕೆಳಗೆ ಕೂತು ನಗುತ್ತಿದ್ದಳು. ಒಂದು ಮಳೆಗಾಲ ಹೋಯಿತು, ಎರಡು ಹೋದವು. ಹೇಳಬೇಕಾದ ಮಾತು ತಲೆಯ ಯಾವುದೋ ಮೂಲೆಯಲ್ಲಿ, ಉಪಯೋಗವಿಲ್ಲದ ಹತಾರದ ಹಾಗೆ, ಬಿದ್ದುಕೊಂಡಿತು.

ನಾಲ್ಕನೆಯ ವರ್ಷ ಅಹ್ಮದಸಾಬ ಬಾದಾಮಿಯಲ್ಲಿ ಒಬ್ಬ ದೇಸಾಯರ ಮನೆಗೆ ಬಾಗಿಲು ಚೌಕಟ್ಟು ಕೂರಿಸುವ ಕೆಲಸಕ್ಕೆ ಹೋದ. ಮೂರು ತಿಂಗಳ ಕೆಲಸ. ಎರಡನೆಯ ತಿಂಗಳು, ಒಂದು ಮಧ್ಯಾಹ್ನ, ಇಳಕಲ್ಲಿನಿಂದ ಸೀರೆಯ ಗಂಟು ಹೇರಿಕೊಂಡು ಬಂದ ಬಂಡಿಯ ದುರ್ಗಪ್ಪ ಎತ್ತುಗಳಿಗೆ ನೀರು ಕುಡಿಸುತ್ತ ಸುದ್ದಿ ಹೇಳಿದ.

"ನಿಮ್ಮ ಬಾಬಣ್ಣಾರ ಹಿತ್ತಲದಾಗ ಅಟ್ಟ ಬಿತ್ತಂತಲ್ರಿ, ಸಾಬ್ರ. ಮಗ ಕೆಳಗಿದ್ನಂತ. ಜೀವಕ್ಕೇನಿಲ್ಲ. ಬಲಗೈ ಮೊಣಕೈ ಹತ್ರ ಪುಡಿ ಆಗೈತಂತ."

"ನಾ ಕಟ್ಟಿದ ಅಟ್ಟ ಹೆಂಗ ಬೀಳತೈತಲೇ?"

"ಅವರ ಒಂದು ಕಂಬ ತಗದಿದ್ರಂತ್ರಿ. ದಾರಿಗೆ ಅಡ್ಡ ಆಗತಿತ್ತಂತ."

ಅಹ್ಮದಸಾಬನ ಕೈಯಲ್ಲಿ ಉಳಿ ಇತ್ತು. "ಯಾವ ಕಂಬ?"

"ಕಂಬದ ಜಾತಿ ನನಗೇನ ಗೊತ್ತರಿ? ಕರೀದಂತ ಒಂದು ಇತ್ತಂತಲ್ಲ, ನೋಡಾಕ ಚಂದ ಇಲ್ಲದ್ದು. ಅದು."

ಅಹ್ಮದಸಾಬ ಅರ್ಧ ಕೊರೆದ ಚೌಕಟ್ಟಿನ ಮೇಲೆಯೇ ಕೂತುಬಿಟ್ಟ. ದುರ್ಗಪ್ಪ, "ಯಾಕ್ರಿ, ಬಿಸಲಾತೇನು?" ಎಂದು ತನ್ನ ನೀರಿನ ತಂಬಿಗೆ ಚಾಚಿದ.

ಮರುದಿನ ದುರ್ಗಪ್ಪನ ಬಂಡಿಯಲ್ಲೇ ಹೊರಟ. ದಾರಿ ಎರಡು ದಿನದ್ದು. ದುರ್ಗಪ್ಪ ತನ್ನ ಎಡದ ಎತ್ತಿನ ಸೋಮಾರಿತನದ ಬಗ್ಗೆ, ಅಮೀನಗಡದ ಸಂತೆಯ ಬಗ್ಗೆ, ಹುನಗುಂದದಲ್ಲಿರುವ ತನ್ನ ಅತ್ತೆಯ ಬಾಯಿಯ ಬಗ್ಗೆ ಮಾತಾಡುತ್ತಲೇ ಇದ್ದ. ಅಹ್ಮದಸಾಬ ದಾರಿಬದಿಯ ಬೇವಿನ ಮರಗಳನ್ನು ನೋಡುತ್ತ ಕೂತಿದ್ದ. ನಲವತ್ತು ವರ್ಷದಲ್ಲಿ ಅವನು ನಿಲ್ಲಿಸಿದ ಕಂಬ ಒಂದೂ ಬಿದ್ದಿರಲಿಲ್ಲ. ಇದೂ ಬಿದ್ದಿರಲಿಲ್ಲ. ಗಟ್ಟಿಯಾದದ್ದನ್ನು ಅವರೇ ಕೈಯಾರೆ ತೆಗೆದಿದ್ದರು, ತೆಗೆಯುವ ಹಾಗೆ ಹೇಳಿಕೊಟ್ಟವನು ತಾನು. ಬೇರೆ ಯಾರಾದರೂ ಹೀಗೆ ಮಾಡಿದ್ದರೆ ಓಣಿಯ ನಡುವೆ ನಿಲ್ಲಿಸಿ ಬೈದಿರುತ್ತಿದ್ದ.

ಹಿತ್ತಲಲ್ಲಿ ಹಲಗೆಗಳನ್ನು ಆಗಲೇ ಎತ್ತಿ ಗೋಡೆಗೆ ಒರಗಿಸಿದ್ದರು. ಉದ್ದನೆಯ ತೊಲೆ ನಡುವೆ ಸೀಳಿ ನೆಲದ ಮೇಲೆ ಬಿದ್ದಿತ್ತು. ಮಣ್ಣಿನಲ್ಲಿ ಕೆಂಪು ಬಣ್ಣ ಇಂಗಿ ದೊಡ್ಡ ಕಲೆಯಾಗಿತ್ತು. ಅದರ ನಡುವೆ ಹಾಲಗಂಬ ಸ್ವಲ್ಪ ವಾಲಿಕೊಂಡು, ಅರಿಷಿಣ ಹಚ್ಚಿಕೊಂಡು, ಹೂವಿನ ಬೋದಿಗೆ ಹೊತ್ತು ಹಾಗೇ ನಿಂತಿತ್ತು. ಅಹ್ಮದಸಾಬನಿಗೆ ನೋಡಿದ ಕೂಡಲೇ ಎಲ್ಲ ತಿಳಿಯಿತು. ಕರಿಯ ಕಂಬ ಹೋದ ಮೇಲೆ ತೊಲೆ ದಿನದಿನಕ್ಕೆ ಬಾಗುತ್ತ ಬಂದು ಬೋದಿಗೆಯ ಮೇಲೆ ಕೂತಿದೆ. ಗೂಟವಿಲ್ಲದ ಬೋದಿಗೆಯ ಮೇಲೆ ನಿಲ್ಲಲಾರದೆ ಜಾರಿ ಸೀಳಿದೆ.

ಬಾಬಣ್ಣ ಅವನನ್ನು ಅಪ್ಪಿಕೊಂಡ. "ನೀ ಇದ್ದಿದ್ರ ಹಿಂಗ ಆಗತಿದ್ದಿಲ್ಲಲೇ" ಎಂದ. ಅಹ್ಮದಸಾಬ ಮೆಲ್ಲಗೆ ಅವನ ತೋಳು ಬಿಡಿಸಿಕೊಂಡ.

ಯಮನವ್ವ ಹಿತ್ತಲ ಕಟ್ಟೆಯ ಮೇಲೆ ಕೂತಿದ್ದಳು. ಅವಳೇ ಹೇಳತೊಡಗಿದಳು. "ಅಟ್ಟದ ಕೆಳಗ ನೆರಳಾಗ ಹಾಸಿನ ನೂಲು ಉದ್ದಕ ಎಳದು ಕಟ್ಟಬೇಕಂತ ಮುತ್ತ್ಯಾ ಅಂದ. ನಡುವ ಎರಡು ಕಂಬ ಅಡ್ಡ ಆಗತಾವು, ಒಂದು ತಗೀಲೇನವ್ವಾ ಅಂದ. ನಾನ ಹೇಳಿದೆ, ಕರೀದು ತಗಿ ಅಂತ. ತಗದ ಮ್ಯಾಲ ಎರಡು ದಿನ ಅಟ್ಟ ಕಿರಕಿರ ಅಂತಿತ್ತು, ಅಹ್ಮದಣ್ಣ. ನಾ ಕೇಳೀನಿ. ಕೇಳಿ ಏನ ತಿಳಕೊಂಡೆ ಗೊತ್ತೇನ್ರಿ? ನನ್ನ ಮಗಳು ಈಗ ಒಬ್ಬಾಕೀನ ಹೊತ್ತಾಳ, ಅದಕ್ಕ ಮಾತಾಡತಾಳ ಅಂತ ತಿಳಕೊಂಡೆ. ಕಂಬಕ್ಕ ಕೈ ಸವರಿ ಒಳಗ ಹೋದೆ."

ಬಾಬಣ್ಣ ಎದ್ದು ಒಳಗೆ ಹೋದ. ಈ ಕಥೆಯನ್ನು ಅವನು ದಿನವೂ ಕೇಳಿರಬೇಕು.

ಅಹ್ಮದಸಾಬ, "ತಂಗೆವ್ವಾ," ಎಂದ. ಮುಂದಿನ ಮಾತು ಬಾದಾಮಿಯಿಂದ ಇಳಕಲ್ಲಿನವರೆಗೆ ಬಾಯಿಪಾಠ ಮಾಡಿಕೊಂಡು ಬಂದದ್ದು. 

ಯಮನವ್ವ ಸೆರಗಿನ ಗಂಟು ಬಿಚ್ಚಿ ಒಂದು ಚಿಂದಿ ತೆಗೆದಳು. ನಾಲ್ಕು ವರ್ಷ ಒತ್ತಿಕೊಂಡಿದ್ದು ಹಲಗೆಯ ಹಾಗೆ ಚಪ್ಪಟೆಯಾಗಿತ್ತು. ಅದನ್ನು ತೊಡೆಯ ಮೇಲೆ ಹರವಿ ಬೆರಳಿನಿಂದ ತಿದ್ದಿದಳು. ಬಿಳಿಯ ಅರಿವೆ, ಸಣ್ಣ ಕೆಂಪು ಅಂಚು.

"ಬಿದ್ದ ಮರುದಿನ ಕಸಾ ಹೊಡೀವಾಗ ಸಿಕ್ತು. ರತ್ನಾನ ಮದುವ್ಯಾಗ ನಿಮಗ ಆಯೇರ ಮಾಡಿದ ರುಮಾಲು ಇದು. ಈ ಅಂಚಿನ್ಯಾಗ ಒಂದು ಎಳಿ ತಪ್ಪೈತಿ ನೋಡ್ರಿ, ಇಲ್ಲಿ. ಅಕೀನ ನೇದಾಕಿ. ತನ್ನ ಮದುವಿ ವಿಚಾರದಾಗ ಎಣಸೂದು ತಪ್ಪಿದ್ಳು. ಬಿಚ್ಚಂದ್ರ, ಅಹ್ಮದ ಕಾಕಾ ಎಳಿ ಎಣಸೂದಿಲ್ಲವ್ವಾ, ಕಟಗಿ ಎಣಸ್ತಾನ ಅಂತ ನಕ್ಕಿದ್ಳು."

ಅಹ್ಮದಸಾಬ ಬಗ್ಗಿ ಆ ತಪ್ಪಿದ ಎಳೆಯನ್ನು ನೋಡಿದ.

"ಇದು ಬೋದಿಗಿ ಮ್ಯಾಲ ಯಾಕಿತ್ತಂತ ಮೂರು ದಿನ ವಿಚಾರ ಮಾಡಿದೆ. ಭಾರ ಬಿದ್ದಲ್ಲಿ ಅರಿವಿ ತುರಕಾಕ ಜಾಗ ಎಲ್ಲಿರತೈತ್ರಿ? ನಾ ಕಟಗಿ ತಿಳದಾಕಿ ಅಲ್ಲ. ಆದ್ರ ಅಷ್ಟು ತಿಳೀತು."

"ನಿಮ್ಮ ಮುಖಾ ನೋಡಿ…" ಎಂದ ಅಹ್ಮದಸಾಬ. 

"ಗೊತ್ತೈತಿ." ಅವಳು ಚಿಂದಿಯನ್ನು ಮಡಚಿದಳು. "ಅವತ್ತ ಖರೇ ಹೇಳಿದ್ರ ಒಂದಿನ ಅಳತಿದ್ದೆ, ಅಹ್ಮದಣ್ಣ. ಎರಡು ದಿನ ಅಳತಿದ್ದೆ. ಮುಗೀತಿತ್ತು."

ಹಿತ್ತಲಿನ ಆಚೆ ಯಾರದೋ ಮನೆಯಲ್ಲಿ ಮಗ್ಗದ ಸಪ್ಪಳ ಒಂದೇ ಸಮನೆ ಬರುತ್ತಿತ್ತು. ಈ ಮನೆಯ ಮಗ್ಗ ಸುಮ್ಮನಿತ್ತು. ಅಹ್ಮದಸಾಬನಿಗೆ ಬಂದಾಗಿನಿಂದ ಏನೋ ಕಡಿಮೆಯಾದ ಹಾಗೆ ಅನ್ನಿಸಿದ್ದು ಅದು ಎಂದು ಈಗ ಗೊತ್ತಾಯಿತು.

"ಮುತ್ತ್ಯಾಗ ನಾ ಹೇಳಿಲ್ಲ" ಎಂದಳು ಯಮನವ್ವ, ಚಿಂದಿಯನ್ನು ಅವನ ಕೈಯಲ್ಲಿಡುತ್ತ. "ತನ್ನದ ತಪ್ಪಂತ ಉಣ್ಣೂದು ಬಿಟ್ಟು ಕುಂತಾನ. ನೀವ ಹೇಳ್ರಿ."

ಮುತ್ತಪ್ಪ ಮಗ್ಗದ ಕುಣಿಯ ಅಂಚಿನಲ್ಲಿ ಕೂತಿದ್ದ, ಕಾಲು ಇಳಿಬಿಟ್ಟು, ನೇಯಲು ಕೂತವನ ಹಾಗೆಯೇ. ಬಲಗೈಯನ್ನು ಬಿದಿರಿನ ಚಕ್ಕೆ ಇಟ್ಟು ಕಟ್ಟಿ ಕೊರಳಿಗೆ ತೂಗಿಸಿದ್ದರು. ಕಟ್ಟಿನಿಂದ ಹೊರಬಂದ ಬೆರಳುಗಳು ಅರ್ಧ ಮಡಚಿಕೊಂಡಿದ್ದವು. ಅವು ಪೂರ್ತಿ ಮಡಚುವುದೂ ಇಲ್ಲ, ಬಿಚ್ಚುವುದೂ ಇಲ್ಲ ಎಂದು ಕೈ ಕಟ್ಟಿದವನು ಹೇಳಿ ಹೋಗಿದ್ದ. ಅರ್ಧ ನೇಯ್ದ ಸೀರೆ ಮಗ್ಗದ ಮೇಲೆ ಧೂಳು ಹಿಡಿಯುತ್ತಿತ್ತು.

"ಬರ್ರಿ ಕಾಕಾ" ಎಂದು ಏಳಲು ಹೋದ. ಅಹ್ಮದಸಾಬ ಅವನ ಹೆಗಲು ಒತ್ತಿ ಕೂರಿಸಿ, ಪಕ್ಕದಲ್ಲಿ ಕೂತ.

"ನಿಮ್ಮನ್ನ ಒಂದು ಮಾತು ಕೇಳಿ ತಗೀಬೇಕಿತ್ತು" ಎಂದ ಮುತ್ತಪ್ಪ. "ಎರಡೂ ಹೊತ್ತಾವ ಅಂದಿದ್ರಿ. ಒಂದು ತಗದ್ರ ಒಂದು ಇರತೈತಲ್ಲ ಅಂತ ನನ್ನ ಧೈರ್ಯ. ದುಡುಕಿ ಬಿಟ್ಟೆ."

"ನೀ ಕೇಳಿದ್ದಿಯಲ್ಲೋ" ಎಂದ ಅಹ್ಮದಸಾಬ. "ಯಾವುದು ಹೊತ್ತೈತಿ ಅಂತ ಮೊದಲ ವರ್ಷ ಕೇಳಿದ್ದಿ. ನಾ ಹೇಳಲಿಲ್ಲ."

ಆಮೇಲೆ ಹೇಳಿದ. ಸಂದು ಬಿಟ್ಟದ್ದು, ಚಿಂದಿ ತುರುಕಿದ್ದು, ಅಟ್ಟದ ಮೇಲೆ ಅವನ ತಾಯಿಯ ಬಳೆಯ ಸಪ್ಪಳ ಕೇಳಿ ಮಾತು ತಿರುಗಿಸಿದ್ದು, ಮರುವಾರ ಹೇಳೋಣವೆಂದು ನಾಲ್ಕು ವರ್ಷ ಕಳೆದದ್ದು. ಕ್ಷಮಿಸು ಎಂಬ ಮಾತು ಬಾಯಿಗೆ ಬಂತು. ಆ ಬೆರಳುಗಳ ಮುಂದೆ ಅದನ್ನು ಆಡಲು ನಾಚಿಕೆಯಾಯಿತು.

ಮುತ್ತಪ್ಪ ಎಡಗೈಯಿಂದ ಲಾಳಿಯನ್ನು ಎತ್ತಿ, ತಿರುಗಿಸಿ ನೋಡಿ, ಇದ್ದಲ್ಲೇ ಇಟ್ಟ.

"ಇಷ್ಟು ದಿನ ಎಲ್ಲಿ ತಪ್ಪಿದೆ ಅಂತ ವಿಚಾರ ಮಾಡಿ ಮಾಡಿ ತಲಿ ಕೆಟ್ಟಿತ್ತು" ಎಂದ ಕೊನೆಗೆ. "ಅವ್ವಗ ಗೊತ್ತೈತೇನ್ರಿ?"

"ನನಗಿಂತ ಮೊದಲ ಗೊತ್ತೈತಿ."

"ಮತ್ತ ಕಂಬ ಎಂದ ನಿಲ್ಲಸ್ತೀರಿ?"

ಅಹ್ಮದಸಾಬ ಅವನ ಮುಖ ನೋಡಿದ. ಅದರಲ್ಲಿ ಸಿಟ್ಟು ಹುಡುಕಿದ, ಇದ್ದಿದ್ದರೆ ಒಳ್ಳೆಯದಿತ್ತು.

ಬಾದಾಮಿಗೆ ಮರಳಿ ಹೋಗಲಿಲ್ಲ ಅವನು. ಮಕ್ತುಮಬಿ ಎಲ್ಲ ಕೇಳಿದಳು, "ನಾ ಹೇಳಿದ್ದೆ" ಎನ್ನಲಿಲ್ಲ. ಮರುದಿನದಿಂದ ಅವನ ಬುತ್ತಿಯನ್ನು ಬಾಬಣ್ಣನ ಹಿತ್ತಲಿಗೇ ಕಳಿಸತೊಡಗಿದಳು. ಹೊಸ ತೊಲೆಗೆಂದು ಅವನು ಮೂರು ಊರು ತಿರುಗಿದ. ಕರಿಯ ಕಂಬ ಬಣ್ಣದ ಹಂಡೆಗಳ ಹಿಂದೆ ಬಿದ್ದಿತ್ತು. ಅದನ್ನು ಎಳೆದು ತಂದು ತೊಳೆದು, ಬಾಚಿಯ ಹಿಂಬದಿಯಿಂದ ಒಂದು ಪೆಟ್ಟು ಕೊಟ್ಟ. ಅದೇ ಗಂಟೆಯ ದನಿ.

ಕಂಬ ನಿಲ್ಲಿಸುವ ದಿನ ಮುಂಜಾನೆ ಅವನು ಬರುವಷ್ಟರಲ್ಲಿ ನಾಲ್ಕನೆಯ ಕಲ್ಲು ಬರಿದಾಗಿತ್ತು. ಗಂಡ ಹೆಂಡತಿ ಇಬ್ಬರೂ ಹಳ್ಳದಿಂದ ಆಗತಾನೇ ಮರಳಿದ್ದರು. ಬಾಬಣ್ಣನ ಹೆಗಲ ಮೇಲೆ ಅರಿಷಿಣ ಹತ್ತಿತ್ತು, ಯಮನವ್ವನ ಸೀರೆ ಮೊಣಕಾಲಿನವರೆಗೆ ಒದ್ದೆಯಾಗಿತ್ತು.  ಹೂವಿನ ಬೋದಿಗೆಯನ್ನು ಯಮನವ್ವ ತುಳಸಿಕಟ್ಟೆಯ ಹತ್ತಿರ ಬೋರಲು ಹಾಕಿ, ಅದರ ಮೇಲೆ ನೀರಿನ ಕೊಡ ಇಟ್ಟಿದ್ದಳು.

ಕರಿಯ ಕಂಬವನ್ನು ಬಾಬಣ್ಣ, ಅಹ್ಮದಸಾಬ ಸೇರಿ ಎತ್ತಿ ಹಳೆಯ ಗುಳಿಯಲ್ಲೇ ಇಳಿಸಿದರು. ನೆಟ್ಟಗಿದೆಯೋ ಇಲ್ಲವೋ ನೋಡಲು ದಾರಕ್ಕೆ ಕಟ್ಟಿದ ಸೀಸದ ಗುಂಡು ಮೇಲಿನಿಂದ ಇಳಿಬಿಡಬೇಕು. ಅಹ್ಮದಸಾಬ ಸುತ್ತ ನೋಡಿದ.

"ಕೊಡ್ರಿ ಇಲ್ಲೆ" ಎಂದ ಮುತ್ತಪ್ಪ. ಏಣಿಯ ಎರಡು ಮೆಟ್ಟಿಲು ಹತ್ತಿ, ಹೆಗಲನ್ನು ಕಂಬಕ್ಕೆ ಆನಿಸಿ, ಎಡಗೈಯಲ್ಲಿ ದಾರ ಹಿಡಿದು ಗುಂಡನ್ನು ಇಳಿಬಿಟ್ಟ. ಆ ಕೈಗೆ ಇನ್ನೂ ಈ ಕೆಲಸದ ರೂಢಿ ಇರಲಿಲ್ಲ. ಗುಂಡು ಒಮ್ಮೆ ಕಂಬದ ಕಡೆಗೆ ಬಂತು, ಒಮ್ಮೆ ಪಕ್ಕದ ಬರಿಗಲ್ಲಿನ ಕಡೆಗೆ ಹೋಯಿತು.

"ಅವಸರ ಇಲ್ಲಪ್ಪಾ" ಎಂದ ಅಹ್ಮದಸಾಬ. ಒಂದು ಕಣ್ಣು ಮುಚ್ಚಿ, ಕಂಬವನ್ನು ಎರಡೂ ಕೈಯಿಂದ ಅಪ್ಪಿ ಹಿಡಿದು ನಿಂತ. ಗುಂಡಿನ ನೆರಳು ಕೆಂಪಾದ ನೆಲದ ಮೇಲೆ ಅತ್ತ ಇತ್ತ ಆಡುತ್ತಿತ್ತು. ಅದು ನಿಲ್ಲುವವರೆಗೆ ಅಹ್ಮದಸಾಬ ಕೈ ಸಡಿಲಿಸಲಿಲ್ಲ.